ಇನ್ನೂ ಉಂಟಾ

ಜೂನ್ ಒಂದರಿಂದ ಅರವತ್ತೊಂದು ದಿನ
ಮಲ್ಪೆಯ ಬೋಟುಗಳಿಗೆ ರಜೆ.
ಹಗಲಿಡೀ ಶೆಡ್ಡಿನಲ್ಲಿ ದೂಮಣ್ಣನ ಜೊತೆ ಬಲೆ ರಿಪೇರಿ,
ಸಂಜೆ ಐದೂವರೆಗೆ ಕೈ ತೊಳೆದುಕೊಂಡು
ಭಜನಾ ಮಂದಿರದ ಹಿಂದಿನ ಕೋಣೆಗೆ ನಾನು.
ಎಷ್ಟು ಸೋಪು ಹಾಕಿದರೂ ಕೀಬೋರ್ಡಿಗೆ ಒಂದಿಷ್ಟು
ಬಲೆಯ ವಾಸನೆ ಹೋಗಿಯೇ ಹೋಗುತ್ತದೆ.

ಜೋವಿಟಾ ಟೀಚರಿಗೆ ನನ್ನ ಅರ್ಧ ಪ್ರಾಯ.
"ಎಷ್ಟು ಸಲ ಎಂದು ಮೊದಲೇ ಗೊತ್ತಿದ್ದರೆ ಫಾರ್,
ಗೊತ್ತಿಲ್ಲದಿದ್ದರೆ ವೈಲ್" ಎಂದಳು.
ಗೊತ್ತಿಲ್ಲದ್ದೇ ನನ್ನ ಕಸುಬು.
ಬಲೆಯಲ್ಲಿ ಎಷ್ಟು ಹರುಕು ಎಂದು
ಎಣಿಸಿಟ್ಟು ಸೂಜಿ ಹಿಡಿದವರನ್ನು ನಾನು ನೋಡಿಲ್ಲ.

ಅದನ್ನೇ ಬರೆದೆ. ಅಭ್ಯಾಸಕ್ಕೆಂದು
ಹರುಕು ನಲವತ್ತು ಎಂದಿಟ್ಟುಕೊಂಡೆ.
ಹರುಕು ಸೊನ್ನೆಗಿಂತ ಹೆಚ್ಚಿರುವ ತನಕ
'ಗಂಟು ಹಾಕು' ಎಂದು ತೋರಿಸು.
ಕೆಳಗೆ, ಹರುಕಿನಿಂದ ಒಂದು ಕಳೆ.

ಎಂಟರ್ ಒತ್ತಿದೆ.
ಗಂಟು ಹಾಕು
ಗಂಟು ಹಾಕು
ಗಂಟು ಹಾಕು
ಮಾರಾಯ, ನಿಲ್ಲುವುದೇ ಇಲ್ಲ!
ವಿಂಚಿನ ಬ್ರೇಕು ತಪ್ಪಿ ಹಗ್ಗ ನೀರಿಗೆ ಓಡಿದ ಹಾಗೆ
ಪರದೆ ತುಂಬ ಓಡಿತು.
ಪಕ್ಕದ ಬೆಂಚಿನ ಹೈಸ್ಕೂಲ್ ಹುಡುಗ ಕಿಸಕ್ಕೆಂದ.
ಟೀಚರ್ ಬಂದು ಎರಡು ಬೆರಳಿನಲ್ಲಿ ನಿಲ್ಲಿಸಿದಳು.
"ಕಳೆಯುವ ಸಾಲು ಉಂಟಲ್ಲ?" ಎಂದೆ.
"ಉಂಟು. ಎಲ್ಲಿ ಉಂಟು, ನೋಡಿ."

ನೋಡಿದೆ. ಎಡದಂಚಿಗೆ ಅಂಟಿಕೊಂಡು
ಲೂಪಿನ ಹೊರಗೆ ನಿಂತಿತ್ತು ಪಾಪ,
ಸರದಿ ಬಾರದೆ.
ಕೆಲಸಕ್ಕೆ ಸೇರಿದ ವರ್ಷ ನಾನೂ ಹೀಗೆಯೇ
ಇಡೀ ಮಧ್ಯಾಹ್ನ ಗಂಟು ಬಿಗಿದಿದ್ದೆ,
ಪಕ್ಕದಲ್ಲಿ ಬಿದ್ದಿದ್ದ ಬೇರೆ ಯಾರದೋ ಬಲೆಗೆ.
ದೂಮಣ್ಣ ಬೈಯಲಿಲ್ಲ.
ನಮ್ಮದನ್ನು ಎಳೆದು ನನ್ನ ಮಡಿಲಿಗೆ ಹಾಕಿದ, ಅಷ್ಟೆ.

ನಾಲ್ಕು ಸ್ಪೇಸ್ ಒತ್ತಿ ಸಾಲನ್ನು ಒಳಗೆ ಕರೆದೆ.
ನಲವತ್ತು ಗಂಟು ಹಾಕಿ ನಿಂತಿತು.
ನಿಂತಿತು! ಹುಡುಗನ ಕಡೆ ನೋಡಿದೆ,
ಅವನು ಆಗಲೇ ಚೀಲ ಹೆಗಲಿಗೇರಿಸಿ ಕೊಡೆ ಹುಡುಕುತ್ತಿದ್ದ.

ಮರುದಿನ ದೂಮಣ್ಣನಿಗೆ ಎಲ್ಲ ವಿವರಿಸಿದೆ:
ಪ್ರತಿ ಸುತ್ತಿಗೂ ಮೊದಲು ಅದು ಕೇಳುತ್ತದೆ, ಇನ್ನೂ ಉಂಟಾ ಅಂತ.
ಸೊನ್ನೆ ಬಂದರೆ ಎದ್ದು ಹೋಗುತ್ತದೆ.
ಅವನು ಬೀಡಿ ಕಚ್ಚಿಕೊಂಡೇ
ಬಲೆಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದ.
ಸಾವಿರ ಕಣ್ಣು, ಕಣ್ಣಿನ ಪಕ್ಕ ಕಣ್ಣು.
"ಇದರಲ್ಲಿ ಯಾವುದು ಹರುಕು, ಯಾವುದು ಬಲೆ,
ಅದಕ್ಕೆ ಯಾರು ಹೇಳುವುದು?"

ಅಷ್ಟು ಪಾಠ ಇನ್ನೂ ಆಗಿಲ್ಲ ಎಂದೆ.
ಸೂಜಿಗೆ ನೂಲು ಸುತ್ತಿದೆ,
ಒಂದು ಗಂಟು ಬಿಗಿದು ಬೆಳಕಿಗೆ ಹಿಡಿದೆ.
"ಇನ್ನೂ ಉಂಟಾ?"
"ಉಂಟು."