ಒಂಬತ್ತು ಸಾವಿರದ ನೂರಾ ಎಂಟು

ಮೀಟರು ಹೇಳುವುದನ್ನು ನಾನು ಕೊನೆಗೆ ಕೇಳುತ್ತೇನೆ.
ಮೊದಲು ಅಡಿಗೆ ಬಗ್ಗುತ್ತೇನೆ, ಮೊಣಕಾಲು ಬೈದರೂ.
ಬೈತಖೋಲದಲ್ಲಿ ನಿಂತ ಗಾಡಿಗೂ ವಯಸ್ಸಾಗುತ್ತದೆ;
ಉಪ್ಪುಗಾಳಿಗೆ ರಸ್ತೆ ಬೇಡ, ಪೆಟ್ರೋಲು ಬೇಡ,
ತಗಡಿನ ಮೇಲೆ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ.

ಮಾರುತಿ ಎಂಟುನೂರು. ಎರಡು ಸಾವಿರದ ಎಂಟರದು. ಬಿಳಿ,
ಅಂದರೆ ಈಗ ಕೆನೆಗಟ್ಟಿದ ಬಿಳಿ.
ಕೊಳ್ಳಲು ಬಂದ ಅವರ್ಸೆಯ ಗಿರಿಧರ ಆಗೇರ
ಮೀಟರಿನ ಅಂಕಿಯ ಮೇಲೇ ಕಣ್ಣು ನೆಟ್ಟಿದ್ದ,
ಕಾಸಿಗೆ ಇಸ್ವಾಣ ಸಿಕ್ಕವನ ಹಾಗೆ.
"ಇರ್ಷಾದ್‌ಭಾಯ್, ಇದು ಹೊಸದೇ ಅಲ್ವಾ?"

ಟೈರಿನ ಪಕ್ಕೆಯ ಮಣ್ಣನ್ನು ಉಗುರಿನಿಂದ ಕೆರೆದು ಓದಿದೆ:
ಹತ್ತೊಂಬತ್ತನೇ ವಾರ, ಎಂಟನೇ ಇಸವಿ.
ಕಂಪನಿಯದೇ ಟೈರು. ಮೀಟರು ಸುಳ್ಳಾಡಿಲ್ಲ.
ಆದರೆ ಸಾಕ್ಷಿ ಹೇಳಿದ ರಬ್ಬರಿಗೇ ಬಿರುಕು,
ನಾಲ್ಕನ್ನೂ ಎಸೆಯಬೇಕು.
ಎಪ್ಪತ್ತೈದು ಸಾವಿರದಲ್ಲಿ ಹನ್ನೊಂದು ಕಳೆ.

ಒಗಟು ಆಮೇಲಿನದು.
ಆಕ್ಸಿಲರೇಟರ್ ಪೆಡಲು ಮೊನ್ನೆ ಹಾಕಿದಂತಿದೆ,
ಕ್ಲಚ್ಚಿನದು ಸವೆದು ಬೋಳು.
ರಿವರ್ಸ್ ಹಾಕಿದರೆ ಮುದಿ ಟ್ಯಾಕ್ಸಿಯ ಗೊಣಗು.
ಒಂಬತ್ತು ಸಾವಿರದ ನೂರಾ ಎಂಟಕ್ಕೆ ಇಷ್ಟು ಸವೆತ
ಎಲ್ಲಿಂದ ಬಂತು ಬಾಯಿ, ಅಂದೆ.

ಕುಮುದಾ ತಳೇಕರ್ ಒಳಗೆ ಹೋಗಿ ಒಂದು ವಹಿ ತಂದರು.
ಬಂದರು ಕಚೇರಿಯಲ್ಲಿ ಮೂವತ್ತು ವರ್ಷ
ಉಬ್ಬರ ಇಳಿತ ಬರೆದ ಕೈ.
ಅದೇ ಗೆರೆ, ಅದೇ ನೀಲಿ ಶಾಯಿ:
ಬೆಳಿಗ್ಗೆ ಏಳು ಹತ್ತು, ಹೊರಗೆ.
ಸಂಜೆ ಆರೂವರೆ, ಒಳಗೆ.
ಪುಟದ ಮೇಲೆ ಪುಟ. ಹೊರಗೆ. ಒಳಗೆ.
"ಪುರ್ಸು ಹರಿಕಂತ್ರನಿಗೆ ಬಲೆ ಹೊಲಿಯಲು ನೆರಳು ಬೇಕಿತ್ತು.
ಈ ಓಣಿಯಲ್ಲಿ ನೆರಳಿದ್ದದ್ದು ನನ್ನ ಶೆಡ್ಡಿಗೆ ಮಾತ್ರ."
ದಿನಾ ಇಪ್ಪತ್ತು ಅಡಿ ಆಚೆ, ಇಪ್ಪತ್ತು ಅಡಿ ಈಚೆ,
ಭಾನುವಾರಕ್ಕೊಮ್ಮೆ ಮೀನು ಪೇಟೆ,
ಹದಿನಾರು ವರ್ಷ.

ಗೋಡೆಗೆ ಒರಗಿ ಬೆರಳು ಮಡಿಸಿದೆ.
ಹನ್ನೊಂದು ಸಾವಿರ ಸಲ ಎಬ್ಬಿಸಿದ್ದಾರೆ ಈ ಎಂಜಿನ್ನನ್ನು,
ಮೈ ಬಿಸಿಯಾಗುವ ಮುಂಚೆ ಮಲಗಿಸಿದ್ದಾರೆ.
ಓಡಿದ ಕಿಲೋಮೀಟರಿಗಿಂತ ಎದ್ದ ಸಲವೇ ಹೆಚ್ಚು!
ಹುಡುಗನಿಗೆ ಹೇಳಲೇಬೇಕು. ಹೇಳಿದೆ.
ಕ್ಲಚ್ಚಿಗೆ ಐದು. ನೀರು ನಿಂತು ತುಕ್ಕಾದ ಸೈಲೆನ್ಸರಿಗೆ ಎರಡು.
ಕಾಲಡಿಯ ತಗಡಿಗೆ ನಾಲ್ಕು.
ಉಳಿದದ್ದು ಐವತ್ಮೂರು.

ವಹಿ ಒಳಗೇ ಇದ್ದಿದ್ದರೆ ಹುಡುಗ
ಅರವತ್ತಕ್ಕೆ ಖುಷಿಯಿಂದ ಕೈ ಕುಲುಕುತ್ತಿದ್ದ.
ತನ್ನ ಗಾಡಿಯ ಬೆಲೆಯನ್ನು ತಾನೇ ಇಳಿಸುವ ಆ ಅಕ್ಷರಕ್ಕೆ
ಎಷ್ಟು ಸೇರಿಸಲಿ?
ನನ್ನ ಕಸುಬಿನಲ್ಲಿ ಕಳೆಯುವುದಕ್ಕೆ ಪಟ್ಟಿ ಉಂಟು,
ಕೂಡುವುದಕ್ಕೆ ಯಾರೂ ಕಲಿಸಲಿಲ್ಲ.

ಒಂದು ಸುತ್ತು ಓಡಿಸಿ ನೋಡೋಣ ಅಂದೆ.
ಕೋಡಿಬಾಗ ದಾಟಿ, ಕಾಳಿ ಸೇತುವೆಯ ಮೇಲೆ
ನಾಲ್ಕನೇ ಗೇರಿಗೆ ತಳ್ಳಿದೆ.
ಬಹಳ ಕಾಲ ಮುಚ್ಚಿಟ್ಟ ಟ್ರಂಕಿನ ಕೊಂಡಿಯಂತೆ ಕ್ಷಣ ತಡೆಯಿತು,
ಆಮೇಲೆ ಸದ್ದಿಲ್ಲದೆ ಕೂತಿತು.
"ಹುಬ್ಬಳ್ಳಿ ಶೋರೂಮಿನವನು ತಂದು ಬಿಟ್ಟ ದಿನ ಹಾಕಿದ್ದೇ ಕೊನೆ,"
ಹಿಂದಿನ ಸೀಟಿನಿಂದ ಕುಮುದಾಬಾಯಿ ಅಂದರು.
"ನನಗೆ ಮೂರು ಸಾಕಾಗುತ್ತಿತ್ತು."
ಗಾಜು ಇಳಿಸಿದರು.
ಸಾಕು ತಿರುಗಿಸಿ ಅನ್ನಲೇ ಇಲ್ಲ.
ಸದಾಶಿವಗಡದ ಗುಡ್ಡ ಹಿಂದಾಯಿತು, ಮಾಜಾಳಿ ಬಂತು,
ಗೋವೆಯ ಗಡಿಯಲ್ಲಿ ಪೊಲೀಸನ ಮುಖ ಕಂಡು ನಾನೇ ತಿರುಗಿಸಿದೆ.

"ಐವತ್ತೈದು," ಅಂದೆ, ಅಂಗಳದಲ್ಲಿ ಇಳಿದು.
ಎರಡು ಎಲ್ಲಿಂದ ಬಂತು ಭಾಯ್ ಅಂದ ಹುಡುಗ.
ನಾಲ್ಕನೇ ಗೇರಿನದು, ಅಂದೆ. ಅದು ಪೂರ್ತಿ ನಿಜವಲ್ಲ.
ಅವನು ತಲೆ ತುರಿಸಿದ, ನೋಟು ಎಣಿಸಿದ,
ಸ್ಪೀಡೋಮೀಟರಿನ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಿದ.

ಶೆಡ್ಡಿನಲ್ಲಿ ಪುರ್ಸು ಬಲೆ ಹರಡಿ ಕೂತಿದ್ದ,
ಬಾಯಲ್ಲಿ ದಾರ, ಹೆಬ್ಬೆರಳಿನಲ್ಲಿ ಸೂಜಿ.
ತಲೆ ಎತ್ತದೆ ಕೇಳಿದ:
"ಬಾಯಿ, ಇವತ್ತು ಎಷ್ಟೊತ್ತಿಗೆ ಎತ್ತಲಿ?"