ಕೊಂಬಿನ ಕರಾರು

ನೀರ್ಚಾಲಿನ ನಮ್ಮ ಅಕ್ಷಯ ಕೇಂದ್ರದ ಪರದೆಯಲ್ಲಿ
ಮಧೂರು ಎಂಬುದು ಮಧೂರ್ ಆಗಿ ಬೀಳುತ್ತದೆ.
ಮೇಲಿನ ಕಚೇರಿಯ ಮಲಯಾಳ ಪಟ್ಟಿ ಹಾಗೆ;
ನಮ್ಮೂರುಗಳ ಬಾಲಕ್ಕೆ ಕೊಂಬಿಲ್ಲ.

ಸಾಲು ಕರಗಿದ ಮೇಲೆ ಕೂತು ಕೂತು
ಆರು ತಿಂಗಳಲ್ಲಿ ಬರೆದೆ ಒಂದು ಸಣ್ಣ ತಂತ್ರಾಂಶ.
ಕೆಲಸ ಇಷ್ಟೇ, ಕಳೆದ ಕೊಂಬು ಹುಡುಕಿ ಅಂಟಿಸುವುದು.
ಹೆಸರೂ ಕೊಂಬು.
ಯಾರೂ ಒಯ್ಯಿರಿ, ಬಿಚ್ಚಿರಿ, ತಿದ್ದಿರಿ, ಬೇಕಾದರೆ ಮಾರಿರಿ.
ಒಂದೇ ಕರಾರು: ತಿದ್ದಿದ್ದನ್ನು ಕೊಡುವಾಗ
ಅದರ ಒಳಗನ್ನೂ ಕೊಡಬೇಕು.

ಪಕ್ಕದ ಝೆರಾಕ್ಸ್ ಅಂಗಡಿಯ ಅಂದುಚ್ಚ,
ಯಾವುದೋ ಗೈಡಿನ ಬಿಸಿ ಹಾಳೆಗಳನ್ನು ತಟ್ಟಿ ಜೋಡಿಸುತ್ತ:
ಈ ಕೃತಿಸ್ವಾಮ್ಯದ ಕಾನೂನನ್ನೇ ಕಿತ್ತು ಬಿಸಾಡಬೇಕು ಮಾರಾಯ್ತಿ,
ಆಮೇಲೆ ಲೋಕವೆಲ್ಲ ನಿನ್ನ ಕೊಂಬಿನ ಹಾಗೆಯೇ.
ಹೌದಲ್ಲ ಅನ್ನಿಸಿತು. ಚಾ ಕುಡಿದೆವು.

ರಾತ್ರಿ ನನ್ನದೇ ಪರವಾನಗಿ ತೆರೆದು ಓದಿದೆ.
ಮೊದಲ ಸಾಲು: ಇದರ ಹಕ್ಕು ಲವೀನಾ ಕ್ರಾಸ್ತಾಳದ್ದು.
ನಾಚುತ್ತ ಬರೆದ ಸಾಲು.
ಉಳಿದವೆಲ್ಲ ಅದರ ಹೆಗಲೇರಿ ಕೂತಿವೆ.
ನನ್ನದು ಅನ್ನದೆ, ಹೀಗೆಯೇ ಕೊಡು
ಅನ್ನುವುದು ಯಾವ ಬಾಯಲ್ಲಿ?

ಹೋದ ವರ್ಷ ಕಣ್ಣೂರಿನ ಕಂಪನಿಯೊಂದು
ಕೊಂಬನ್ನು ತನ್ನ ಡಬ್ಬದಲ್ಲಿಟ್ಟು ಮುಚ್ಚಳ ಜಡಿದು
ಪಂಚಾಯತುಗಳಿಗೆ ಮಾರುತ್ತಿತ್ತು.
ಆ ಸಾಲಿಗೆ ಕೆಂಪು ಗೆರೆ ಎಳೆದು ಕಳಿಸಿದೆ.
ಹದಿನೇಳನೇ ದಿನ ಮುಚ್ಚಳ ತೆರೆಯಿತು.
ಕಾನೂನಿಲ್ಲದ ನಾಳೆ ಅದೇ ಕಾಗದ
ಬರೀ ಒಂದು ಅರ್ಜಿ.
ಅರ್ಜಿಗಳ ಗತಿ ನನಗಿಂತ ಯಾರಿಗೆ ಗೊತ್ತು!

ನೀನೂ ಅವರದ್ದನ್ನು ನಕಲು ಮಾಡಬಹುದಲ್ಲ,
ಅಂದುಚ್ಚ ಬಿಡುವ ಆಸಾಮಿಯಲ್ಲ.
ಮಾಡಬಹುದು. ಆದರೆ ಕುದಿಸಿದ ಮಜ್ಜಿಗೆಯನ್ನು
ಕೊಡಗಟ್ಟಲೆ ತಂದರೂ ಹಾಲು ಹೆಪ್ಪಾಗದು ಅಂದುಚ್ಚ.
ಕುಡಿಯಬಹುದು, ಅಷ್ಟೆ.
ಅವರು ಮೆಷಿನ್ನಿನ ಗಾಜು ಒರೆಸಿದರು.
ಒರೆಸಿದ್ದನ್ನೇ ಮತ್ತೆ ಒರೆಸಿದರು.

ಆದರೂ,
ಕೊಂಬಿಗೊಮ್ಮೆ ಕೊಂಬು ಬಂದು
ಬೇಕಲಕ್ಕೂ ಅಂಟಿಕೊಂಡು ಬೇಕಲು ಮಾಡಿತ್ತು.
ಪೆರ್ಲದ ಶಮ್ನಾಸ್, ಹನ್ನೊಂದನೇ ಕ್ಲಾಸು,
ತಿದ್ದಿ, ಒಳಗು ಸಮೇತ ಕಳಿಸಿದ.
ಪರವಾನಗಿ ಓದಿದ್ದೆಯಾ ಎಂದು ಕೇಳಿದೆ.
ಯಾವ ಪರವಾನಗಿ ಅಕ್ಕಾ?
ನಮ್ಮ ಅಜ್ಜಿಯ ಊರು ಬೇಕಲ,
ಬೇಕಲು ಎಂದರೆ ಹಲ್ಲಿಲ್ಲದ ಬಾಯಿಬಿಟ್ಟು ನಗುತ್ತಾರೆ.

ಇಂಥವನಿಗೆ ಆ ಮೊದಲ ಸಾಲು ಯಾಕೆ?
ಎಲ್ಲರೂ ಬೇಕಲದ ಅಜ್ಜಿಯ ಮೊಮ್ಮಕ್ಕಳಲ್ಲವಲ್ಲ.
ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ,
ತೆಗೆದೆ.

ಬೆಳಿಗ್ಗೆ ಮೊದಲ ಟೋಕನ್,
ಸೀತಾಂಗೋಳಿ ಕಡೆಯ ಮುದುಕರು.
ರೇಷನ್ ಕಾರ್ಡಿನಲ್ಲಿ ಮಾಂಕು ಹೋಗಿ ಮಾಂಕ್ ಆಗಿದ್ದಾರೆ.
ಕೂತುಕೊಳ್ಳಿ ಅಜ್ಜ ಎಂದೆ,
ಸರಿ ಮಾಡುವ.