ಬೇರುಸಸಿ

ಜೆಪ್ಪುವಿನ ಮನೆ ಬಿಡುವ ದಿನ
ಸೆವ್ರಿನ್ ಬಾಯಮ್ಮ ಟಾರ್ಚು ಹಿಡಿದು ಗೋಡೆ ನೋಡಿದರು.
ಮೊಳೆಯ ತೂತು ಒಂಬತ್ತು.
ಅಡ್ವಾನ್ಸಿನಲ್ಲಿ ನಾನೂರೈವತ್ತು ಕಡಿತ.
ಹಿತ್ತಿಲ ಕಡೆ ಟಾರ್ಚು ತಿರುಗಲಿಲ್ಲ.

ಬಿಂಬುಳಿ ನನ್ನದಲ್ಲ, ಮೊದಲೇ ಇತ್ತು.
ಕಾಂಡಕ್ಕೇ ಅಂಟಿಕೊಂಡ ಕಾಯಿ,
ಬಂಗುಡೆ ತಂದ ದಿನ ಕೈಚಾಚಿದರೆ ಸಾಕು.
ಜೀಗುಜ್ಜೆ ಮಾತ್ರ ನಾನು ತಂದದ್ದು:
ಮೊಣಕೈಯುದ್ದದ ಬೇರುಸಸಿ,
ಗೋಣಿಯಲ್ಲಿ ಸುತ್ತಿ, ಸಿಟಿಬಸ್ಸಿನಲ್ಲಿ, ಮಡಿಲಲ್ಲಿ.
ಇದಕ್ಕೂ ಹಾಫ್ ಟಿಕೇಟಾ ಅಂತ ಕಂಡಕ್ಟರ್ ನಕ್ಕಿದ್ದ.

ಈಗ ಕುಳೂರು, ನಾಲ್ಕನೆಯ ಮಹಡಿ.
ಕಿಟಕಿ ತುಂಬ ಬಂದರಿನ ಕ್ರೇನುಗಳು;
ಒಂದರಿಂದಲೂ ಎಲೆ ಉದುರುವುದಿಲ್ಲ.

ಜೀಗುಜ್ಜೆಯ ಒಣಗಿದೆಲೆ ಬಿದ್ದರೆ
ಯಾರೋ ಚಪ್ಪಲಿ ಕಳಚಿಟ್ಟ ಸದ್ದು.
ಹನ್ನೊಂದು ವರ್ಷ, ಅರೆನಿದ್ದೆಯಲ್ಲಿ,
‘ಯಾರದು?’ ಅಂದಿದ್ದೇನೆ.
ಇಲ್ಲಿ ಮೇಲಿನ ಮನೆಯ ಹುಡುಗ
ನಿಜಕ್ಕೂ ಚಪ್ಪಲಿ ಕಳಚುತ್ತಾನೆ, ರಾತ್ರಿ ಎರಡಕ್ಕೆ, ಮೂರಕ್ಕೆ.
ಎದ್ದು ಕೂರುತ್ತೇನೆ.
ಬೆಳಗ್ಗೆ ಗುಡಿಸಲು ಏನೂ ಇರುವುದಿಲ್ಲ.

ಮೆಟ್ಟುಕತ್ತಿಯಲ್ಲಿ ಇನ್ನೂ ಅದರ ಮೇಣ, ಕಪ್ಪು ಗೆರೆ.
ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಹೋದೀತು.
ಎಣ್ಣೆ ಇದೆ. ಹಚ್ಚಿಲ್ಲ.

ನಿನ್ನೆ ಬಾಯಮ್ಮನ ಫೋನು, ಕಾದ ಕಾವಲಿಯಂಥ ಸ್ವರ:
ಬೇರು ಬಚ್ಚಲ ಕಲ್ಲೆಬ್ಬಿಸಿದೆ,
ನೀರು ಹೋಗುತ್ತಿಲ್ಲ,
ಮೇಸ್ತ್ರಿ ಎರಡು ಸಾವಿರ ಕೇಳುತ್ತಾನೆ,
‘ಎಲ್ಲ ನಿಮ್ಮ ಮರದ ಕೆಲಸ!’

ನಿಮ್ಮ ಮರ.

‘ಸ್ವರ ಕಟ್ಟಾಗ್ತಿದೆ ಬಾಯಮ್ಮ,’ ಅಂದೆ,
‘ಇನ್ನೊಮ್ಮೆ ಹೇಳಿ.’